ಶುಕ್ರವಾರದ ಆಟ

ನೀಲಕ್ಕಾ,

ತಂಡದ ಇತಿಹಾಸದ ಪುಟದಲ್ಲಿ ಆ ತಾರೀಖು ನಿನ್ನೆ ಬದಲಾಯಿತು. ಶನಿವಾರ ಹೋಗಿ ಶುಕ್ರವಾರ ಬಂದಿದೆ. ನನಗೆ ಸುದ್ದಿ ಕೊಟ್ಟದ್ದು ಮೇ ಲಿಂಗ್, ನಿಮ್ಮ ಎಡಗಡೆಯ ಮೇಜಿನಲ್ಲಿ ಕೂತು ದಿನಕ್ಕೆರಡು ಸಲ ನಿಮ್ಮ ಶೇಂಗಾ ಉಂಡಿಗೆ ಕೈ ಚಾಚುತ್ತಿದ್ದವಳು. ನಾನು ಪಾಯಾ ಲೆಬಾರ್ ಸ್ಟೇಷನ್ನಿನ ಎಸ್ಕಲೇಟರ್ ಮೇಲಿದ್ದಾಗ ಪುಟದ ಚಿತ್ರವನ್ನು ಫೋನಿಗೆ ಕಳಿಸಿ, ಕೆಳಗೆ ಇಲ್ಲಿನವರ 'ಲಾ' ಬಾಲ ಹಚ್ಚಿ ಒಂದೇ ಸಾಲು ಬರೆದಿದ್ದಳು: 'ನೀಲಾ ವಾಸ್ ರೈಟ್ ಲಾ.' ಆಫೀಸಿಗೆ ಹೋಗಿ ನಾನೇ ಪುಟ ತೆರೆದು ನೋಡಿದೆ. ಒಬ್ಬರು ಹೇಳಿದ್ದನ್ನು ಇನ್ನೊಂದು ಕಡೆ ಖಾತ್ರಿ ಮಾಡಿಕೊಳ್ಳದೆ ನಂಬಬಾರದೆಂದು ಕಲಿಸಿದವರು ನೀವಲ್ಲವೇ? ನೋಡಿದೆ. ಹೌದು, ಶುಕ್ರವಾರ.

ಈ ಮಾತನ್ನು ನಿಮಗೆ ಎರಡು ವರ್ಷ ಮೊದಲೇ ಹೇಳಬೇಕಿತ್ತು. ಆಗ ಅದು ಗೊತ್ತಿದ್ದದ್ದು ಇಡೀ ಆಫೀಸಿನಲ್ಲಿ ನನಗೊಬ್ಬನಿಗೇ. ನೀವು ಇಲ್ಲವಾಗಿ ಬರುವ ಭಾನುವಾರಕ್ಕೆ ಒಂದು ವರ್ಷ. ಈಗ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ದಿನ ನಿಮ್ಮನ್ನು 'ಆಂಟಿ' ಎಂದು ಕರೆದದ್ದು ನೆನಪಿದೆಯೇ? ಸಿಂಗಾಪುರದ ರೂಢಿಯಂತೆ ಕರೆದಿದ್ದೆ. ನೀವು ಕನ್ನಡಕ ಮೂಗಿನ ತುದಿಗೆ ಇಳಿಸಿ, "ಏ, ಆಂಟಿ ಗೀಂಟಿ ಬ್ಯಾಡಪಾ. ಟ್ಯಾಕ್ಸಿಯಾಂವ ಆಂಟಿ ಅಂತಾನ, ಮೀನ ಮಾರಾಂವ ಆಂಟಿ ಅಂತಾನ. ನಾ ಮೀನ ತಿನ್ನಂಗಿಲ್ಲ ಅಂದ್ರೂ ಬಿಡಂಗಿಲ್ಲ. ನೀ ಅಕ್ಕ ಅನ್ನು," ಎಂದಿರಿ. ಯಾವ ಊರು ಎಂದು ಕೇಳಿದಿರಿ. ಮೈಸೂರು ಎಂದೆ. "ಹಂಗಾದ್ರ ನಿಧಾನ ಮಾತಾಡ್ತಿ. ಛಲೋ ಆತು. ತಾರೀಖು ಓದಾಕ ನಿಧಾನದ ಮಂದೀನ ಬೇಕು." ಆವತ್ತಿನಿಂದ ನಾನು ನಿಮಗೆ ಸತೀಶ ಅಲ್ಲ, ಮೈಸೂರಪ್ಪ.

ನಮ್ಮ ಕೆಲಸ ಏನೆಂದು ಮೈಸೂರಿನಲ್ಲಿ ನನ್ನ ತಂದೆಗೆ ಹೇಳುವಾಗ, ಪತ್ರಿಕೆಯಲ್ಲಿ 'ಇತಿಹಾಸದಲ್ಲಿ ಈ ದಿನ' ಎಂದು ಬರುತ್ತದಲ್ಲ, ಅದೇ, ಆದರೆ ಒಂದು ಬೇಸ್‌ಬಾಲ್ ತಂಡಕ್ಕೆ ಮಾತ್ರ ಎಂದಿದ್ದೆ. ಅವರು, "ಅದಕ್ಕೆ ಸಂಬಳ ಕೊಡ್ತಾರಾ?" ಎಂದರು. ಅಮೆರಿಕದ ಒಂದು ವೃತ್ತಿಪರ ತಂಡ. ಅದು ಹುಟ್ಟಿದ ದಿನ, ಮೈದಾನ ಬದಲಿಸಿದ ದಿನ, ದೊಡ್ಡ ಗೆಲುವು, ನಾಚಿಕೆಯ ಸೋಲು, ಯಾರು ಯಾವಾಗ ಬಂದರು, ಯಾವಾಗ ಬಿಟ್ಟುಹೋದರು, ಎಲ್ಲದರ ಪಟ್ಟಿ. ಆಟ ನೋಡುವವರು ಅಲ್ಲಿ. ತಾರೀಖು ಕಾಯುವವರು ಇಲ್ಲಿ, ಪಾಯಾ ಲೆಬಾರಿನ ಒಂಬತ್ತನೆಯ ಮಹಡಿಯಲ್ಲಿ. ಹುಬ್ಬಳ್ಳಿಯ ದಿನಪತ್ರಿಕೆಯೊಂದರಲ್ಲಿ ಪ್ರೂಫ್ ನೋಡುತ್ತಿದ್ದ ನೀವು, ಗಂಡ ಮಲ್ಲಣ್ಣನ ಶಿಪ್‌ಯಾರ್ಡ್ ಕೆಲಸದ ಹಿಂದೆ ಇಲ್ಲಿನ ಸೆಂಬವಾಂಗ್‌ಗೆ ಬಂದು, ನಡುವಯಸ್ಸು ದಾಟಿದ ಮೇಲೆ ಬೇಸ್‌ಬಾಲಿನ ನಿಯಮದ ಪುಸ್ತಕವನ್ನು ಪರೀಕ್ಷೆಗೆ ಓದಿದ ಹಾಗೆ ಓದಿದಿರಿ. "ನಮ್ಮ ಚಿನ್ನಿದಾಂಡಿಗೆ ಇವರು ಬೂಟು ಹಾಕ್ಸ್ಯಾರ ಅಷ್ಟ" ಎಂಬುದು ಅದರ ಬಗ್ಗೆ ನೀವು ಕೊಟ್ಟ ತೀರ್ಪು. ಆದರೆ ನಿಯಮದಲ್ಲಿ ಅನುಮಾನ ಬಂದರೆ ತಂಡದವರೇ ನಿಮಗೆ ಮೇಲ್ ಬರೆದು ಕೇಳುತ್ತಿದ್ದರು.

ಊಟದ ನಂತರದ ಆ ಒಂದು ಗಂಟೆ ಈಗಲೂ ನನ್ನ ಕಿವಿಯಲ್ಲಿದೆ. ನೀವು ಕಣ್ಣಿನಲ್ಲಿ ಪ್ರೂಫ್ ನೋಡುವವರಲ್ಲ, ಕಿವಿಯಲ್ಲಿ ನೋಡುವವರು. ಪತ್ರಿಕೆಯಲ್ಲಿದ್ದಾಗಿನ ಪದ್ಧತಿ: ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟು ಕೇಳಬೇಕು. ನಾನು ಪಟ್ಟಿಯಿಂದ ಓದುತ್ತಿದ್ದೆ. ನೀವು ಆ ಊರಿನ ಹಳೆಯ ಪತ್ರಿಕೆಯ ಪುಟವನ್ನು ಪರದೆ ಮೇಲೆ ಹಿಗ್ಗಿಸಿಕೊಂಡು ಕೂರುತ್ತಿದ್ದಿರಿ. ತಾರೀಖು ಓದಿ ನಾನು ಮುಂದೆ ಹೋದರೆ, "ವಾರ ನುಂಗಿದಿ. ವಾರ ಓದು" ಎನ್ನುತ್ತಿದ್ದಿರಿ. ತಾರೀಖು ಒಂದು ಅಂಕಿ ಜಾರಿದರೆ ಯಾರಿಗೂ ತಿಳಿಯುವುದಿಲ್ಲ, ವಾರವೂ ಜೊತೆಗಿದ್ದರೆ ಎರಡೂ ಒಟ್ಟಿಗೆ ತಪ್ಪುವುದು ಕಷ್ಟ. ಇನ್ನೊಂದು ನಿಯಮ, ಆಟ ಎಲ್ಲಿ ನಡೆಯಿತೋ ಅಲ್ಲಿನ ದಿನವೇ ದಿನ. ಅಲ್ಲಿ ಸಂಜೆ ಆಟ ಶುರುವಾಗುವಾಗ ನಮಗಿಲ್ಲಿ ಮರುದಿನ ಬೆಳಗು. ಅದನ್ನು ಮರೆತ ಹೊಸಬರನ್ನು ನೀವು ಬೈದದ್ದು ಎಷ್ಟು ಸಲ! ಓದಿ ಮುಗಿದ ಮೇಲೆ ನೀವು ಪ್ರತಿ ಸಾಲಿನ ಎದುರು ನಿಮ್ಮ ಹೆಸರಿನ ಮೊದಲ ಅಕ್ಷರ ಹಾಕುತ್ತಿದ್ದಿರಿ. "ಸಹಿ ಬಿದ್ದ ಪ್ರೂಫಿನ ಮ್ಯಾಲ ಯಾರೂ ಕೈ ಇಡಬಾರದು. ಇಟ್ರ ನನಗ ಹೇಳಿ ಇಡಬೇಕು."

ಆ ಆಟವನ್ನು ನಾವು ಓದಿದ ಮಧ್ಯಾಹ್ನ ಹೊರಗೆ ಜೋರು ಮಳೆ; ಮೇ ಲಿಂಗ್ ಹಾಕರ್ ಸೆಂಟರಿನ ಊಟದಂಗಡಿಗಳಿಗೆ ಹೋಗಲಾಗದೆ ನಿಮ್ಮ ಡಬ್ಬಿಯ ಅರ್ಧ ತಿಂದಿದ್ದಳು. ತಂಡದ ಇತಿಹಾಸದಲ್ಲೇ ಅತಿ ದೀರ್ಘ ಆಟ ಅದು. ಒಂಬತ್ತು ಇನ್ನಿಂಗ್ಸ್ ಮುಗಿದರೂ ಸಮ. ಬೇಸ್‌ಬಾಲಿನಲ್ಲಿ ಸಮ ಎಂದು ಕೈ ಕುಲುಕಿ ಮನೆಗೆ ಹೋಗುವ ಹಾಗಿಲ್ಲ, ಒಬ್ಬರು ಗೆಲ್ಲುವವರೆಗೆ ಆಡಬೇಕು. ಶುಕ್ರವಾರ ಸಂಜೆ ಶುರುವಾದದ್ದು ನಡುರಾತ್ರಿ ದಾಟಿತು. ಚೆಂಡೆಸೆಯುವ ಪಿಚರ್ ಒಬ್ಬ, ಆಗಿನ್ನೂ ಹೆಸರು ಮಾಡಿರದ ಹುಡುಗ, ಕೊನೆಯ ಹಂತದಲ್ಲಿ ಬಂದು ತಂಡವನ್ನು ಗೆಲ್ಲಿಸಿದ. "ಮುಗಿದಾಗ ಶನಿವಾರ ಆಗಿತ್ತಲ್ಲ ಅಕ್ಕ, ಯಾವ ದಿನ ಬರೆಯೋದು?" ಎಂದು ನಾನು ಕೇಳಿದ್ದೆ. "ಶುರು ಆದ ದಿನ. ನಿಯಮ ಐತಿ, ನೋಡು" ಎಂದು ಪುಟ ತೆರೆದು ತೋರಿಸಿದಿರಿ. ನಾನು ಗಟ್ಟಿಯಾಗಿ ಓದಿದೆ: ಶುಕ್ರವಾರ. ನೀವು "ಹೂಂ" ಎಂದಿರಿ. ಸಹಿ ಬಿತ್ತು.

ಅದಾಗಿ ಕೆಲವು ವಾರಗಳ ನಂತರ ನಾನು ಒಂದು ಪ್ರೋಗ್ರಾಂ ಬರೆದೆ. ತಂಡದ ಪುಟದಲ್ಲಿ ನಾವು ದಿನವೂ ಹಾಕುವ ಪೋಸ್ಟುಗಳು ಅಲ್ಲಿನ ಊರಿನ ಬೆಳಗಿಗೆ ಸರಿಯಾಗಿ ಹೋಗಲೆಂದು ಪಟ್ಟಿಯ ತಾರೀಖುಗಳನ್ನು ಸಿಂಗಾಪುರದ ದಿನಕ್ಕೆ ತಿರುಗಿಸುವುದು, ಕೆಲಸ ಮುಗಿದ ಮೇಲೆ ವಾಪಸ್ ಅಲ್ಲಿನ ದಿನಕ್ಕೆ ತರುವುದು. ಬೇರೆ ಪ್ರತಿ ಮಾಡಿಕೊಂಡು ಓಡಿಸಬಹುದಿತ್ತು. ಅರ್ಧ ಗಂಟೆ ಉಳಿಯುತ್ತದೆಂದು ನಿಮ್ಮ ಸಹಿ ಬಿದ್ದ ಪಟ್ಟಿಯ ಮೇಲೆಯೇ ಓಡಿಸಿದೆ. ನಿಮಗೆ ಹೇಳಲಿಲ್ಲ. ವಾಪಸ್ ತರುವಾಗ ಅದು ಆಟ ಶುರುವಾದ ಹೊತ್ತನ್ನು ಬಿಟ್ಟು ಮುಗಿದ ಹೊತ್ತನ್ನು ಹಿಡಿಯಿತು. ಉಳಿದ ಆಟಗಳೆಲ್ಲ ಶುರುವಾದ ದಿನವೇ ಮುಗಿದಿದ್ದವು, ಏನೂ ಆಗಲಿಲ್ಲ. ಈ ಒಂದು ಮಾತ್ರ, ತಾರೀಖು ವಾರ ಎರಡೂ ಸೇರಿ, ಶನಿವಾರಕ್ಕೆ ಸರಿಯಿತು. ಎದುರಿಗೆ ನಿಮ್ಮ ಸಹಿ ಹಾಗೆಯೇ ಇತ್ತು.

ಫಲಕದ ವಿಡಿಯೋವನ್ನು ನಾವೆಲ್ಲ ಒಟ್ಟಿಗೆ ನೋಡಿದೆವು, ಅಲ್ಲವೇ? ತಂಡದವರು ಆ ಆಟದ ನೆನಪಿಗೆ ಮೈದಾನದ ಬಾಗಿಲಲ್ಲಿ ಕಂಚಿನ ಫಲಕ ಹಾಕಿಸಿದರು. ಪರದೆ ಸರಿಸಲು ಅದೇ ಪಿಚರ್‌ನನ್ನು ಕರೆಸಿದ್ದರು. ಹುಡುಗ ಈಗ ಮುದುಕ, ಕೈಯಲ್ಲಿ ಕೋಲು. ಪರದೆ ಸರಿಸಿ, ಓದಿ, ಮೈಕಿನ ಮುಂದೆಯೇ ನಕ್ಕುಬಿಟ್ಟ. ತಾನು ಆಡಿದ್ದು ಶುಕ್ರವಾರ, ಇವರು ಯಾರದ್ದೋ ಆಟಕ್ಕೆ ತನ್ನನ್ನು ಕರೆದಿದ್ದಾರೆ ಎಂದ. ಅಲ್ಲಿದ್ದವರೂ ನಕ್ಕರು. ನೀವು ನಗಲಿಲ್ಲ. "ತಾರೀಖು ಎಲ್ಲಿಂದ ತಗೊಂಡ್ರು ಇವರು?" ಎಂದು ನಿಂತಲ್ಲೇ ಕೇಳಿದಿರಿ. ನಮ್ಮ ಪಟ್ಟಿಯಿಂದ.

ಅದೇ ಸಂಜೆ ನಾನು ಹಳೆಯ ಪ್ರತಿಗಳನ್ನು ತೆರೆದೆ. ನಿಮ್ಮ ಸಹಿ ಬಿದ್ದ ದಿನದ ಪ್ರತಿಯಲ್ಲಿ ಶುಕ್ರವಾರ. ನನ್ನ ಪ್ರೋಗ್ರಾಂ ಓಡಿದ ದಿನದ ಪ್ರತಿಯಲ್ಲಿ ಶನಿವಾರ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಎರಡನ್ನೂ ಮುಚ್ಚಿ ಮನೆಗೆ ಹೋದೆ. ಆ ತಿಂಗಳು, ಇಲ್ಲಿ ಇರಲು ಬೇಕಾದ ನನ್ನ ವರ್ಕ್ ಪಾಸ್ ನವೀಕರಣಕ್ಕೆ ಹೋಗಿತ್ತು. ಮಗಳು ಇಲ್ಲಿನ ಶಾಲೆಗೆ ಸೇರಿ ಆಗಷ್ಟೇ ಗೆಳತಿಯರನ್ನು ಮಾಡಿಕೊಂಡಿದ್ದಳು. ಇಷ್ಟೇ ನನ್ನ ಕಾರಣ. ಬರೆದ ಮೇಲೆ ಇನ್ನೂ ಸಣ್ಣದಾಗಿ ಕಾಣುತ್ತಿದೆ.

ಮರುದಿನದ ಸಭೆಯಲ್ಲಿ ಮ್ಯಾನೇಜರ್, ಎರಕ ಹೊಯ್ದ ಫಲಕ ಬದಲಾಗುವವರೆಗೆ ತಂಡದವರು ಪುಟದಲ್ಲೂ ಶನಿವಾರವನ್ನೇ ಬಿಡುತ್ತಾರಂತೆ ಎಂದು ಹೇಳಿ, ಪಟ್ಟಿ ತೋರಿಸಿ, ಈ ಸಾಲು ಯಾರು ನೋಡಿದ್ದು ಎಂದರು. ನೀವು ಒಂದು ಕ್ಷಣವೂ ತಡ ಮಾಡಲಿಲ್ಲ. "ಸಹಿ ನನ್ನದು. ಹಾಗಾದರೆ ತಪ್ಪೂ ನನ್ನದೇ" ಎಂದು ಇಂಗ್ಲಿಷಿನಲ್ಲಿ ಹೇಳಿದಿರಿ. ನಿಮ್ಮ ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ಲ್ಯಾಪ್‌ಟಾಪಿನಲ್ಲಿ ಸಭೆಯ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಆ ವಾಕ್ಯವನ್ನೂ ಬರೆದುಕೊಂಡೆ.

ಇಷ್ಟನ್ನು ಹೇಗೋ ಬರೆದೆ. ಮುಂದಿನದನ್ನು ಬರೆಯಲು ಎರಡು ಸಲ ಎದ್ದು ಹೋಗಿ ಬಂದಿದ್ದೇನೆ. ಸಭೆ ಮುಗಿದ ಮಧ್ಯಾಹ್ನ ಹಾಕರ್ ಸೆಂಟರಿನಲ್ಲಿ ನಾವಿಬ್ಬರೇ ಕೂತಿದ್ದೆವು. 'ನೋ ಎಗ್ ಲಾ, ಅಂಕಲ್' ಎಂದು ಯಾವಾಗಲೂ ಅಂಗಡಿಯವನೊಂದಿಗೆ ಜಗಳವಾಡಿ ತರುತ್ತಿದ್ದ ಬೀ ಹೂನ್ ಶಾವಿಗೆ ನಿಮ್ಮ ತಟ್ಟೆಯಲ್ಲಿ ಹಾಗೆಯೇ ಇತ್ತು. ನೀವು ಕೇಳಿದಿರಿ, "ಮೈಸೂರಪ್ಪ, ಆ ಆಟ ನಾವಿಬ್ರೂ ಕೂಡಿ ಓದಿದ್ವಲ್ಲ. ನನಗ ಶುಕ್ರವಾರ ಅಂತ ಕೇಳಿಸಿದ್ದು ನೆನಪೈತಿ. ನಿಯಮ ತಗದು ತೋರಿಸಿದ್ದೂ ನೆನಪೈತಿ. ನೀ ಏನು ಓದಿದ್ದಿ?"

ನಾನು, "ನೆನಪಿಲ್ಲ ಅಕ್ಕ," ಎಂದೆ.

ನೀವು ನನ್ನ ಮುಖ ನೋಡಿದಿರಿ. ಅನುಮಾನದಿಂದ ನೋಡಿದ್ದರೆ ನಾನು ಅಲ್ಲೇ ಹೇಳಿಬಿಡುತ್ತಿದ್ದೆನೇನೋ. ನೀವು ನಂಬಿದಿರಿ. "ಹಂಗಾದ್ರ ನನ್ನ ತಲಿಯಾಗ ಕುಂತಿದ್ದು ಬ್ಯಾರೆ, ಕಿವಿಯಾಗ ಬಿದ್ದದ್ದು ಬ್ಯಾರೆ. ನಮ್ಮವ್ವಗೂ ಹಿಂಗ ಶುರು ಆಗಿತ್ತು. ಮೊದಲು ವಾರ, ಆಮ್ಯಾಲ ಹೆಸರು, ಆಮ್ಯಾಲ ನಾವು..." ವಾಕ್ಯ ಮುಗಿಸದೆ ತಟ್ಟೆ ಎತ್ತಿಕೊಂಡು ಹೋಗಿ ಇಟ್ಟು ಬಂದಿರಿ.

ಕೆಲಸದಿಂದ ನಿಮ್ಮನ್ನು ಯಾರೂ ತೆಗೆಯಲಿಲ್ಲ, ನೀವೇ ಬಿಟ್ಟಿರಿ. ಬೀಳ್ಕೊಡುಗೆಯ ದಿನ ಕೇಕಿನ ಮುಂದೆ ನಿಂತು, ಕಣ್ಣು ಪರೀಕ್ಷೆ ಮಾಡಿಸಿದೆ, ಕಣ್ಣು ಸರಿ ಇದೆಯಂತೆ, ಹಾಗಾದರೆ ತೊಂದರೆ ಇನ್ನೂ ಒಳಗಿದೆ ಎಂದಿರಿ. ಎಲ್ಲರೂ ತಮಾಷೆಯೆಂದುಕೊಂಡು ನಕ್ಕರು. ನಿಮ್ಮ ಕುರ್ಚಿ ನನಗೆ ಬಂತು. ಪಾಸೂ ನವೀಕರಣವಾಯಿತು. ಆಮೇಲೆ ನಾಲ್ಕೈದು ಸಲ ಫೋನ್ ಮಾಡಿದ್ದೆ, ಪ್ರತಿ ಸಲವೂ ಹೇಳಬೇಕೆಂದೇ ಮಾಡಿದ್ದೆ. ನೀವು, "ಏನೋ, ತಾರೀಖಿನ ಸಾಹುಕಾರ!" ಎಂದು ಶುರು ಮಾಡುತ್ತಿದ್ದಿರಿ, ಮಗಳ ಶಾಲೆ, ನನ್ನ ಕೆಮ್ಮು, ಹವಾ ಎಂದು ಮಾತು ಹೋಗಿಬಿಡುತ್ತಿತ್ತು. ಒಂದು ಬೆಳಿಗ್ಗೆ ಮಲ್ಲಣ್ಣನ ಮೆಸೇಜ್ ಬಂತು. ನಿಮ್ಮ ಹೃದಯ ನಿಂತಿತ್ತು. ಮಂಡಾಯ್ ಚಿತಾಗಾರದಲ್ಲಿ ನಿಮ್ಮನ್ನು ಕಳಿಸಿಕೊಡುವಾಗ ನಾನು ಮೂರನೆಯ ಸಾಲಿನಲ್ಲಿದ್ದೆ. ಆಗಲೂ ಹೇಳಲಿಲ್ಲ; ಯಾರಿಗೆ ಹೇಳುವುದು?

ಹೇಳುವ ಹಾಗೆ ಮಾಡಿದ್ದು ಹೊಸದಾಗಿ ಸೇರಿದ ಒಬ್ಬಳು. ನಿಮ್ಮನ್ನು ನೋಡಿಯೇ ಇಲ್ಲದವಳು. ಮೂರು ವಾರದ ಹಿಂದೆ, ತಾನು ಹಾಕಿದ ತಾರೀಖನ್ನು ಮೇ ಲಿಂಗ್‌ಗೆ ತೋರಿಸುತ್ತ ಅವಳು, "ಇನ್ನೊಮ್ಮೆ ನೋಡಿಬಿಡು ಲಾ, ನೀಲಾ ಆಗಬಾರದು," ಎಂದಳು. ನಾನು ತಿರುಗಿ, ಹಾಗೆಂದರೇನು ಎಂದೆ. "ತಾರೀಖು ತಪ್ಪಾದರೆ ಇಲ್ಲಿ ನೀಲಾ ಆಯಿತು ಅಂತಾರಲ್ಲ? ಯಾಕೆ, ಅದು ಯಾರದ್ದಾದರೂ ಹೆಸರಾ?" ಮೇ ಲಿಂಗ್ ಎದ್ದು ನೀರು ತರಲು ಹೋದಳು. ಒಂದು ಮಹಡಿಯ ಜನ ಒಂದು ತಪ್ಪಿಗೆ ನಿಮ್ಮ ಹೆಸರಿಟ್ಟು ಆಡಿಕೊಳ್ಳುತ್ತಿದ್ದರು, ಹೆಸರು ಯಾರದೆಂದು ತಿಳಿಯದ ಕಾಲವೂ ಬಂದಿತ್ತು. ನಾನಿರುವಾಗ ಮಾತ್ರ ಆ ಮಾತು ಬರದಂತೆ ನೋಡಿಕೊಂಡಿದ್ದರಂತೆ, ನಿಮ್ಮ ಶಿಷ್ಯನಿಗೆ ನೋವಾಗುತ್ತದೆ ಎಂದು.

ಆ ಮಧ್ಯಾಹ್ನವೇ ಮ್ಯಾನೇಜರಿಗೆ ಬರೆದು ಎರಡೂ ಪ್ರತಿಗಳನ್ನು ಲಗತ್ತಿಸಿದೆ. ಅವರು ಬಾಗಿಲು ಹಾಕಿಕೊಂಡು, ಹಳೆಯದು ಬಿಡಿ, ತಾಂತ್ರಿಕ ದೋಷ ಎಂದು ಬರೆದುಕೊಳ್ಳೋಣ ಎಂದರು. ಬೇಡ, ದೋಷಕ್ಕೆ ಹೆಸರಿದೆ, ನನ್ನದು ಎಂದೆ. ತಂಡಕ್ಕೆ ಹೋದ ಪತ್ರದಲ್ಲಿ ಸಹಿ ಮಾಡಿದವರು ಸರಿಯಾಗಿಯೇ ನೋಡಿದ್ದರು, ನಂತರ ಪಟ್ಟಿಯನ್ನು ಬದಲಿಸಿದವನು ಸತೀಶ ಎಂದೇ ಇದೆ. ಆ ಪತ್ರದ ಪ್ರತಿಯನ್ನು ಎಲ್ಲರ ಮೇಜಿಗೂ ಕಳಿಸಿದ್ದಾರೆ. ನನ್ನನ್ನು ಪಟ್ಟಿಯ ಕೆಲಸದಿಂದ ತೆಗೆದಿದ್ದಾರೆ. ಪಾಸಿನ ವಿಷಯ ತಿಂಗಳ ಕೊನೆಗೆ ತಿಳಿಸುತ್ತಾರಂತೆ.

ಕಳೆದ ಭಾನುವಾರ ಸೆಂಬವಾಂಗ್‌ಗೆ ಹೋದೆ. ಮಲ್ಲಣ್ಣ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ನಡುವೆ ಅವರು ಒಂದೇ ಸಲ ಬಾಯಿ ಬಿಟ್ಟದ್ದು, "ಆಕಿ ಕೇಳಿದಾಗ ನೀ ಏನಂದಿ?" ಎಂದು. ನೆನಪಿಲ್ಲ ಎಂದಿದ್ದೆ ಎಂದೆ. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ಒಳಗೆ ಹೋದರು. ಹೋಗು ಅನ್ನಲಿಲ್ಲವಾದ್ದರಿಂದ ಹಿಂದೆಯೇ ಹೋದೆ. ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೋಡೆಗೆ ನಿಮ್ಮ ಕೈಬರಹದ ಚೀಟಿ: 'ಗ್ಯಾಸ್ ಬಂದ್ ಮಾಡು.' ಫ್ರಿಜ್ಜಿನ ಮೇಲೆ ಇನ್ನೊಂದು: 'ಇಂದು ಯಾವ ವಾರ? ಫೋನ್ ನೋಡು.'

"ಕೆಲಸ ಬಿಟ್ಟ ಮ್ಯಾಲ ಬರದು ಹಚ್ಚಿದ್ದು," ಎಂದರು ಮಲ್ಲಣ್ಣ.

"ಎಂದಾದರೂ ಗ್ಯಾಸ್ ಮರೆತಿದ್ದರಾ?"

"ಒಂದು ದಿನಾನೂ ಇಲ್ಲ. ಆದ್ರ ನಾನೂ ನಂಬಿದ್ನಲ್ಲೋ. ಮಾರ್ಕೆಟ್ಟಿಗೆ ಹೊಂಟ್ರ, ಕಾರ್ಡು ತಗೊಂಡಿಯೇನು, ಕೀಲಿಕೈ ತಗೊಂಡಿಯೇನು ಅಂತ ಸಣ್ಣ ಹುಡುಗಿನ್ನ ಕೇಳಿದಂಗ ಕೇಳತಿದ್ದೆ. ಆಕಿ ಸಿಟ್ಟಾಗತಿದ್ದಿಲ್ಲ. ಸುಮ್ಮನ ಚೀಲ ತಗದು ತೋರಿಸತಿದ್ಲು. ಮೂವತ್ತು ವರ್ಷ ನನ್ನ ಮಾತಿಗೆ ಮಾತು ಕೊಟ್ಟಾಕಿ. ಸಿಟ್ಟಾಗಬೇಕಿತ್ತಲ್ಲ?"

ನೀಲಕ್ಕಾ, ನಿಮ್ಮ ಕೆಲಸ ಹೋಯಿತೆಂದಷ್ಟೇ ನಾನು ಅಂದುಕೊಂಡಿದ್ದೆ. ನಿಮ್ಮ ಮೇಲೆ ನಿಮಗಿದ್ದ ನಂಬಿಕೆಯನ್ನೂ, ಕೊನೆಯ ತಿಂಗಳುಗಳ ನಿಮ್ಮ ಜಗಳವನ್ನೂ ತೆಗೆದುಕೊಂಡಿದ್ದೆ ಎಂದು ಆ ಚೀಟಿಗಳ ಮುಂದೆ ನಿಂತಾಗ ತಿಳಿಯಿತು.

ಮಲ್ಲಣ್ಣ ಚಹಾ ಮಾಡಿ ನನ್ನ ಮುಂದೆ ಇಟ್ಟರು, ಕುಡಿ ಎನ್ನಲಿಲ್ಲ. ಕ್ಷಮಿಸಿ ಎಂದು ನಾನು ಶುರು ಮಾಡಿದಾಗ ಕೈ ಎತ್ತಿ ನಿಲ್ಲಿಸಿದರು. "ಅದು ನನ್ನ ಕಡಿ ಇಲ್ಲ. ಇದ್ದಾಕಿ ಹೋಗ್ಯಾಳ. ನನ್ನೊಬ್ಬನ ಮುಂದ ಹೇಳಿ ಹಗುರಾಗಿ ಹೋಗಬ್ಯಾಡ. ಆಕಿಗೆ ಮರವು ಹತ್ತೈತಿ ಅಂತ ಇಲ್ಲಿ ನಮ್ಮ ಮಂದಿಗೆಲ್ಲ ನಾನ ಹೇಳೀನಿ. ವರ್ಷದ ಸ್ಮರಣೆಗೆ ಅವರೆಲ್ಲ ಬರ್ತಾರ. ಅಲ್ಲಿ ಎದ್ದು ನಿಂತು ಹೇಳು. ಆ ಚೀನೀ ಹುಡುಗಿ ಮೇ ಲಿಂಗ್ ಬರ್ತಾಳ, ಆಕಿಗೆ ಇಂಗ್ಲಿಷಿನ್ಯಾಗೂ ಹೇಳು."

ಆಗಲಿ ಎಂದೆ.

ನಿಮ್ಮ ವರ್ಷದ ಸ್ಮರಣೆ ಬರುವ ಭಾನುವಾರ, ನಿಮ್ಮ ಬ್ಲಾಕಿನ ಕೆಳಗೆ ಗೋಡೆಯಿಲ್ಲದ ವಾಯ್ಡ್ ಡೆಕ್ ಹಜಾರದಲ್ಲಿ. ಪೂಜೆ ಹನ್ನೊಂದು ಗಂಟೆಗೆ, ಪ್ರಸಾದ ಹನ್ನೆರಡೂವರೆಗೆ. ಎರಡರ ನಡುವೆ ನಾನು ಮಾತಾಡುತ್ತೇನೆ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.

ನಿಮ್ಮ,
ಸತೀಶ